‘ನೀರೇ ಉರುವಲು’ ಎಂಬ ಭಾವನೆಯ ವಿಮರ್ಶೆ : ಒಂಟಿಮನೆಗಳ ಬೆಳಕಿನ ಸಮಸ್ಯೆಯನ್ನು ಕುರಿತು

ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು, ಬಳಸಿ ಮಿಕ್ಕದ್ದರಿಂದ ನೀರನ್ನು ವಿಭಜಿಸಿ, ಹಾಗೆ ಬಂದ ಜಲಜನಕವನ್ನು ತೊಟ್ಟಿಯಲ್ಲಿ ಶೇಖರಿಸಿಟ್ಟು, ಬಿಸಿಲಿಲ್ಲದ ದಿನಗಳಲ್ಲಿ ಅದರಿಂದಲೇ ಮತ್ತೆ ವಿದ್ಯುತ್ತನ್ನು ಪಡೆಯುವ ಮನೆಗಳನ್ನು ಕುರಿತು ಈಚಿನ ವರ್ಷಗಳಲ್ಲಿ ಬಂದಿರುವ ಬರವಣಿಗೆ ಹೇರಳವಾಗಿದೆ. ವಿದ್ಯುತ್ತಿನ ತಂತಿ ತಲಪದ ಒಂಟಿಮನೆಗಳಿಗೆ ಇದೇ ಅಂತಿಮ ಪರಿಹಾರವೆಂದು ಸಾರುವ ಇಂಥ ಬರಹಗಳಲ್ಲಿ ಹಲವು ಒಂದು ವಂಶಾವಳಿಯಿಂದ ಮೊದಲಾಗುತ್ತವೆ. ಮೂಲಪುರುಷ ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್. ಅವನ ಅನಂತರ ಡೆನ್ಮಾರ್ಕಿನ ಪೌಲ್ ಲಾ ಕೂರ್. ಆಮೇಲೆ ಇಂಗ್ಲೆಂಡಿನ ಜೆ. ಬಿ. ಎಸ್. ಹಾಲ್ಡೇನ್, ಕೊನೆಗೆ ಜರ್ಮನಿಯ ಫ್ರೈಬುರ್ಗ್ ನಗರದ ಒಂದು ಮನೆ. ನಮ್ಮ ಶಾಸನಕವಿಗಳು ಅರಸನ ವಂಶವನ್ನು ಚಂದ್ರನವರೆಗೂ ಒಯ್ದು ನಿಲ್ಲಿಸುವುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇಂಥ ವಂಶಾವಳಿಯನ್ನು ಕಂಡೊಡನೆ ಸಂಶಯ ಹುಟ್ಟುವುದು ಸಹಜ. ವಿಜ್ಞಾನ ವಿಭಾಗದ ಮಿತ್ರರ ಹೊಲಕ್ಕೆ ಕಾಲಿಡಲು ನನಗಿರುವ ಅಧಿಕಾರ ಇಷ್ಟೇ.

ವರ್ನನ ‘ನಿಗೂಢ ದ್ವೀಪ’ವು ೧೮೭೪–೭೫ರಲ್ಲಿ ಪ್ರಕಟವಾದ ಕಾದಂಬರಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೫ರಲ್ಲಿ, ರಿಚ್ಮಂಡ್ ನಗರದಿಂದ ಬಲೂನಿನಲ್ಲಿ ತಪ್ಪಿಸಿಕೊಂಡ ಐವರು ಪೆಸಿಫಿಕ್ ಸಾಗರದ ನಿರ್ಜನ ದ್ವೀಪವೊಂದರಲ್ಲಿ ಬೀಳುತ್ತಾರೆ. ಬರಿಗೈಯಿಂದ ಆರಂಭಿಸಿ ಒಂದು ನಾಗರಿಕತೆಯನ್ನೇ ಕಟ್ಟುತ್ತಾರೆ. ಚಳಿಗಾಲದ ಒಂದು ಸಂಜೆ ಮಾತು ಕಲ್ಲಿದ್ದಲಿನ ಕಡೆಗೆ ತಿರುಗುತ್ತದೆ. ಭೂಮಿಯ ಇದ್ದಲೆಲ್ಲ ತೀರಿದ ಮೇಲೆ ಹಡಗುಗಳೂ ರೈಲುಗಳೂ ಯಾವುದರಿಂದ ನಡೆಯಬೇಕೆಂಬ ಪ್ರಶ್ನೆಗೆ ತಂಡದ ಎಂಜಿನಿಯರ್ ಸೈರಸ್ ಸ್ಮಿತ್ ಕೊಡುವ ಉತ್ತರ, ನೀರಿನಿಂದ ಎಂಬುದು. ವಿದ್ಯುತ್ತು ನೀರನ್ನು ಅದರ ಮೂಲದ್ರವ್ಯಗಳಾಗಿ ಬಿಡಿಸುತ್ತದೆ, ಆ ದ್ರವ್ಯಗಳು ಬೆಳಕಿಗೂ ಬಿಸಿಗೂ ಎಂದೂ ಬತ್ತದ ಆಕರವಾಗುತ್ತವೆ ಎಂಬುದು ಅವನ ವಾದದ ಸಾರ.

ಈ ಸಂಭಾಷಣೆಯನ್ನು ಉದಾಹರಿಸುವವರು ಎರಡು ಸಂಗತಿಗಳನ್ನು ಗಮನಿಸಿದಂತೆ ತೋರುವುದಿಲ್ಲ. ಮೊದಲನೆಯದು ರಸಾಯನಶಾಸ್ತ್ರಕ್ಕೆ ಸೇರಿದ್ದು. ಜಲಜನಕವು ಆಮ್ಲಜನಕದೊಡನೆ ಕೂಡಿ ಉರಿದು ಮುಗಿದ ಮೇಲೆ ಉಳಿಯುವುದೇ ನೀರು. ಒಲೆಯಲ್ಲಿ ಸೌದೆಗೆ ಬೂದಿ ಹೇಗೋ ಜಲಜನಕಕ್ಕೆ ನೀರು ಹಾಗೆ. ಬೂದಿಯನ್ನು ಮತ್ತೆ ಸೌದೆಯಾಗಿ ಮಾಡುವುದಕ್ಕೆ ಸೌದೆ ಉರಿದಾಗ ಬಂದ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ನಾವೇ ಹೊರಗಿನಿಂದ ತಂದು ಸುರಿಯಬೇಕು. ಹೀಗಿರಲು ನೀರನ್ನು ಇದ್ದಲಿಗೆ ಹೋಲಿಸುವುದು ಅಡಕೆಯ ಗೊನೆಯನ್ನು ಬಿಟ್ಟು ಅದನ್ನು ತುಂಬುವ ಚೀಲಕ್ಕೆ ಬೆಲೆ ಕಟ್ಟಿದಂತೆ. ಚೀಲ ಬೇಕು, ಸಂದೇಹವಿಲ್ಲ. ಆದರೆ ಫಸಲು ಬೇರೆ ಕಡೆಯಿಂದ ಬರತಕ್ಕದ್ದು. ನೀರನ್ನು ಒಡೆಯುವ ವಿದ್ಯುತ್ತು ಎಲ್ಲಿಂದ ಬರಬೇಕೆಂಬುದನ್ನು ಸೈರಸ್ ಸ್ಮಿತ್ ಹೇಳುವುದಿಲ್ಲ, ಕೇಳುವವರೂ ಇಲ್ಲ.

ಎರಡನೆಯ ಸಂಗತಿ ನನಗೆ ಇನ್ನೂ ಸ್ವಾರಸ್ಯವಾಗಿ ಕಾಣುತ್ತದೆ. ಆ ದ್ವೀಪದ ಮನೆ ಒಂಟಿಮನೆಗಳಲ್ಲೆಲ್ಲ ಒಂಟಿಯಾದದ್ದು. ಅಲ್ಲಿ ಸೈರಸ್ ಸ್ಮಿತ್ ಏನು ಮಾಡಿದನು? ನೀರಿನ ಬೀಳಿನ ಬಲದಿಂದ ಮೇಲೇರುವ ತೊಟ್ಟಿಲನ್ನು ಕಟ್ಟಿದನು. ಹಿಟ್ಟು ಬೀಸಲು ಗಾಳಿಯಂತ್ರವನ್ನು ನಿಲ್ಲಿಸಿದನು. ತಂತಿಸಮಾಚಾರಕ್ಕೆ ಕೋಶಗಳನ್ನು ಮಾಡಿಕೊಂಡನು. ಜಲಜನಕದ ಮಾತು ರಾಷ್ಟ್ರಗಳಿಗೆ, ಹಡಗುಗಳಿಗೆ, ಮುಂಬರುವ ಶತಮಾನಗಳಿಗೆ. ಸ್ವಂತ ಮನೆಯ ಕೆಲಸಕ್ಕೆ ಮಾತ್ರ ಬಾಗಿಲ ಮುಂದೆ ಹರಿಯುವ ನೀರು ಮತ್ತು ಬೀಸುವ ಗಾಳಿ. ವರ್ನನನ್ನು ಒಂಟಿಮನೆಯ ಜಲಜನಕಕ್ಕೆ ಸಾಕ್ಷಿಯಾಗಿ ಕರೆಯುವವರು ಅವನ ಸಾಕ್ಷ್ಯದ ಅರ್ಧವನ್ನು ಮಾತ್ರ ಓದಿದ್ದಾರೆ ಎನ್ನದೆ ವಿಧಿಯಿಲ್ಲ.

ಹಾಲ್ಡೇನನ ಮಾತು ಇದಕ್ಕಿಂತ ಖಚಿತವಾದದ್ದು. ೧೯೨೩ರ ಫೆಬ್ರುವರಿಯಲ್ಲಿ ಕೇಂಬ್ರಿಜ್‌ನಲ್ಲಿ ಓದಿ, ಮರುವರ್ಷ ‘ಡೀಡಲಸ್’ ಎಂಬ ಹೆಸರಿನಿಂದ ಪುಸ್ತಕವಾಗಿ ಹೊರಬಂದ ಪ್ರಬಂಧದಲ್ಲಿ ಆತನು ಇನ್ನು ೪೦೦ ವರ್ಷಗಳ ಇಂಗ್ಲೆಂಡನ್ನು ಚಿತ್ರಿಸುತ್ತಾನೆ. ದೇಶದ ತುಂಬ ಲೋಹದ ಗಾಳಿಯಂತ್ರಗಳ ಸಾಲು. ಗಾಳಿ ಹೆಚ್ಚಾದಾಗ ಮಿಕ್ಕ ವಿದ್ಯುತ್ತಿನಿಂದ ನೀರಿನ ವಿಭಜನೆ. ಎರಡು ಅನಿಲಗಳನ್ನೂ ದ್ರವವಾಗಿಸಿ ನೆಲದಡಿಯ ದೊಡ್ಡ ತೊಟ್ಟಿಗಳಲ್ಲಿ ಶೇಖರಣೆ. ಗಾಳಿ ನಿಂತಾಗ ಅವುಗಳಿಂದ ಮತ್ತೆ ವಿದ್ಯುತ್ತು. ಶಕ್ತಿ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆದರೆ ಹಾಲ್ಡೇನನು ಯೋಚಿಸುತ್ತಿದ್ದುದು ಮಹಾಸ್ಥಾವರಗಳನ್ನು. ತೊಟ್ಟಿ ದೊಡ್ಡದಾದಷ್ಟೂ ಒಳಕ್ಕೆ ಸೋರುವ ಬಿಸಿಯ ಪ್ರಮಾಣ ಕಡಿಮೆ, ಆದ್ದರಿಂದ ಆವಿಯಾಗಿ ಹೋಗುವ ಪಾಲೂ ಕಡಿಮೆ ಎಂಬುದು ಅವನ ಯೋಜನೆಯ ಆಧಾರಸ್ತಂಭ. ಆ ತರ್ಕವನ್ನೇ ಮುಂದುವರಿಸಿದರೆ ಒಂದು ಮನೆಯ ಸಣ್ಣ ತೊಟ್ಟಿ ಅತ್ಯಂತ ನಷ್ಟದ್ದೆಂದಾಗುತ್ತದೆ. ಆತನು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನೆಂಬುದನ್ನು ನೆನೆದು ನಮ್ಮವರು ಅವನ ಹೆಸರನ್ನು ಅಭಿಮಾನದಿಂದ ಹೇಳುವುದುಂಟು. ಅಭಿಮಾನ ಸರಿಯೆ, ಒಂಟಿಮನೆಯ ಪಕ್ಷಕ್ಕೆ ಅವನನ್ನು ಸೇರಿಸಿಕೊಳ್ಳುವುದು ಸರಿಯಲ್ಲ.

ವಿಜ್ಞಾನದ ಇತಿಹಾಸವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ವಿದ್ಯುತ್ತಿನಿಂದ ನೀರನ್ನು ವಿಭಜಿಸಿದ್ದು ೧೮೦೦ರಲ್ಲಿ. ಬೆಕರೆಲ್ ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಕಂಡದ್ದೂ, ಗ್ರೋವ್ ಎರಡು ಅನಿಲಗಳ ಸಂಯೋಗದಿಂದ ವಿದ್ಯುತ್ತನ್ನು ಪಡೆದದ್ದೂ ಒಂದೇ ವರ್ಷ, ೧೮೩೯. ಅಮೆರಿಕದ ಬೆಲ್ ಪ್ರಯೋಗಶಾಲೆಯ ಸಿಲಿಕಾನ್ ಸೌರಕೋಶ ೧೯೫೪ರದು. ಇಂಗ್ಲೆಂಡಿನ ಬೇಕನ್ ೫ ಕಿಲೋವಾಟಿನ ಇಂಧನಕೋಶವನ್ನು ನಡೆಸಿ ತೋರಿಸಿದ್ದು ೧೯೫೯ರಲ್ಲಿ. ಎರಡಕ್ಕೂ ಮೊದಲು ದೊರೆತ ಗಿರಾಕಿ ಅಂತರಿಕ್ಷ. ಅಲ್ಲಿ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಲಾ ಕೂರ್‌ನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಈ ವಂಶಾವಳಿಯಲ್ಲಿ ನಿಜವಾಗಿ ಜಲಜನಕವನ್ನು ಉರಿಸಿದವರಲ್ಲಿ ಅವನೇ ಮೊದಲಿಗ. ಡೆನ್ಮಾರ್ಕಿನ ಆಸ್ಕೋ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ನಡೆಯುತ್ತಿದ್ದ ಜನತಾ ಪ್ರೌಢಶಾಲೆಯೊಂದಕ್ಕೆ ಆತನು ೧೮೭೮ರಲ್ಲಿ ಅಧ್ಯಾಪಕನಾಗಿ ಬಂದನು. ೧೮೯೧ರಲ್ಲಿ ಸರ್ಕಾರದ ಧನಸಹಾಯದಿಂದ ಅಲ್ಲೊಂದು ಗಾಳಿಯಂತ್ರವನ್ನು ಕಟ್ಟಿ, ಅದರ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ೧೮೯೫ರಿಂದ ೧೯೦೨ರವರೆಗೆ ಶಾಲೆಯನ್ನು ಜಲಜನಕದ ದೀಪಗಳಿಂದ ಬೆಳಗಿದನು. ಜಲಜನಕದೊಳಕ್ಕೆ ಆಮ್ಲಜನಕ ಬೆರೆತು ಸಿಡಿದು ಶಾಲೆಯ ಕಿಟಕಿಗಳ ಗಾಜನ್ನು ಹಲವು ಬಾರಿ ಹೊಸದಾಗಿ ಹಾಕಿಸಬೇಕಾಯಿತೆಂದು ಹೇಳುತ್ತಾರೆ. ಗಾಳಿಯಲ್ಲಿ ನೂರಕ್ಕೆ ೪ ಪಾಲಿನಿಂದ ೭೫ ಪಾಲಿನವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುವ ಅನಿಲ ಅದು.

ಇಲ್ಲಿ ಎರಡು ವಿಶೇಷಗಳನ್ನು ಗುರುತಿಸಬೇಕು. ಲಾ ಕೂರ್ ಜಲಜನಕವನ್ನು ಮತ್ತೆ ವಿದ್ಯುತ್ತಾಗಿ ಪರಿವರ್ತಿಸಲಿಲ್ಲ, ನೇರವಾಗಿ ಉರಿಸಿದನು. ಎರಡು ಕಡೆ ಆಗಬೇಕಾದ ನಷ್ಟ ಒಂದೇ ಕಡೆಗೆ ನಿಂತಿತು. ಅಲ್ಲದೆ ಅವನ ಕಾಲಕ್ಕೆ ಜಲಜನಕದ ಪ್ರತಿಸ್ಪರ್ಧಿಯಾಗಿದ್ದ ಸೀಸದ ಬ್ಯಾಟರಿ ದುಬಾರಿ ವಸ್ತು. ಆದರೂ ಆ ದೀಪಗಳ ಆಯುಸ್ಸು ಏಳೇ ವರ್ಷ. ಮುಂದೆ ಅವನೇ ವಿದ್ಯುದ್ದೀಪಕ್ಕೂ ಬ್ಯಾಟರಿಗೂ ತಿರುಗಿದನು. ಅವನು ಬಿಟ್ಟುಹೋದದ್ದು ಬೇರೆಯದು. ೧೯೦೩ರಲ್ಲಿ ಗಾಳಿ ವಿದ್ಯುತ್ತಿನ ಸಂಘವೊಂದನ್ನು ಸ್ಥಾಪಿಸಿ, ಮರುವರ್ಷದಿಂದ ಹಳ್ಳಿಯ ತರುಣರಿಗೆ ವಿದ್ಯುತ್ತಿನ ಕೆಲಸವನ್ನು ಕಲಿಸತೊಡಗಿದನು. ೧೯೦೮ರಲ್ಲಿ ಅವನು ತೀರಿಕೊಂಡ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ ಎಣ್ಣೆ ಬಾರದೆ ಹೋದಾಗ, ಡೆನ್ಮಾರ್ಕಿನ ಹಳ್ಳಿಗಳಲ್ಲಿ ನೂರಕ್ಕೂ ಮೀರಿ ಗಾಳಿ ವಿದ್ಯುತ್ ಕೇಂದ್ರಗಳು ನಡೆಯುತ್ತಿದ್ದುವು. ನಮ್ಮ ಲೇಖಕರು ಲಾ ಕೂರ್‌ನ ಜಲಜನಕವನ್ನು ಎತ್ತಿಕೊಂಡು ಅವನ ಶಿಷ್ಯರನ್ನು ಬಿಟ್ಟುಬಿಟ್ಟಿದ್ದಾರೆ. ಇತಿಹಾಸಕಾರನು ಎತ್ತಿಕೊಳ್ಳಬೇಕಾದುದು ಆ ಶಿಷ್ಯರನ್ನು.

ಇನ್ನು ಫ್ರೈಬುರ್ಗಿನ ಮನೆ. ಅಲ್ಲಿಯ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯವರು ೧೯೯೨ರಲ್ಲಿ ಕಟ್ಟಿ ಮುಗಿಸಿದ ಈ ಮನೆಗೆ ಹೊರಗಿನಿಂದ ವಿದ್ಯುತ್ತಿನ ತಂತಿಯಾಗಲಿ ಎಣ್ಣೆಯಾಗಲಿ ಬರುವಂತಿರಲಿಲ್ಲ. ಮಾಡಿನ ಮೇಲೆ ಸುಮಾರು ೪ ಕಿಲೋವಾಟಿನ ಸೌರಫಲಕಗಳು; ದಿನದಿನದ ಏರಿಳಿತಕ್ಕೆ ೨೦ ಯೂನಿಟ್ಟಿನ ಸೀಸದ ಬ್ಯಾಟರಿ; ಬೇಸಗೆಯ ಮಿಗತೆಯನ್ನು ಚಳಿಗಾಲಕ್ಕೆ ಒಯ್ಯುವುದಕ್ಕೆ ೧೫ ಘನ ಮೀಟರಿನ ಜಲಜನಕದ ತೊಟ್ಟಿ, ವಾಯುಮಂಡಲದ ಒತ್ತಡಕ್ಕೆ ೩೦ ಪಟ್ಟು ಒತ್ತಡದಲ್ಲಿ. ಅಷ್ಟು ಜಲಜನಕದಲ್ಲಿ ಸುಮಾರು ೧,೩೫೦ ಯೂನಿಟ್ ಶಕ್ತಿ ಅಡಗಿರುತ್ತದೆ. ಒಂದು ಕುಟುಂಬ ಅಲ್ಲಿ ಕೆಲವು ವರ್ಷ ವಾಸವೂ ಆಗಿತ್ತು. ಸಾಧನೆ ದೊಡ್ಡದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಮನೆಗಳ ಬೀದಿಯೊಂದು ಹುಟ್ಟಲಿಲ್ಲ. ೧೯೯೦ರಲ್ಲೇ ಜರ್ಮನಿಯು ಸಾವಿರ ಮಾಡುಗಳ ಯೋಜನೆಯನ್ನು ಆರಂಭಿಸಿ, ಮನೆಗಳ ಸೌರಫಲಕಗಳನ್ನು ಊರಿನ ತಂತಿಗೇ ಜೋಡಿಸುವ ದಾರಿಯನ್ನು ಹಿಡಿದಿತ್ತು. ತಂತಿಯೇ ಎಲ್ಲರ ಉಗ್ರಾಣವಾದ ಮೇಲೆ ಮನೆಗೊಂದು ಜಲಜನಕದ ಕಣಜ ಏತಕ್ಕೆ?

ಈ ಮನೆಯನ್ನು ನಮ್ಮ ಊರುಗಳಿಗೆ ಮಾದರಿಯೆಂದು ಹೇಳುವವರು ಭೂಗೋಳವನ್ನು ಮರೆಯುತ್ತಾರೆ. ಫ್ರೈಬುರ್ಗ್ ಇರುವುದು ೪೮ನೆಯ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಅಲ್ಲಿಯ ನೆಲಕ್ಕೆ ಬೀಳುವ ಬಿಸಿಲು ಜೂನ್ ತಿಂಗಳಿನದರ ಐದನೆಯ ಒಂದು ಪಾಲಿಗೂ ಕಡಿಮೆ. ಆದ್ದರಿಂದ ಅಲ್ಲಿ ಪ್ರಶ್ನೆ ಋತುವಿನದು. ೧೩ನೆಯ ಅಕ್ಷಾಂಶದ ಬೆಂಗಳೂರಿನಲ್ಲಿ ಅತ್ಯಂತ ಮಂಕಾದ ತಿಂಗಳ ಬಿಸಿಲು ಕೂಡ ಅತ್ಯಂತ ಪ್ರಖರವಾದ ತಿಂಗಳ ಬಿಸಿಲಿನ ಅರ್ಧಕ್ಕೆ ಇಳಿಯುವುದಿಲ್ಲ. ಬಯಲುಸೀಮೆಯ ಒಂಟಿಮನೆಯ ಪ್ರಶ್ನೆ ರಾತ್ರಿಯದು. ಅದಕ್ಕೆ ಬ್ಯಾಟರಿ ಸಾಕು. ಬ್ಯಾಟರಿಗೆ ೧೦೦ ಯೂನಿಟ್ ತುಂಬಿದರೆ ೮೦ರಿಂದ ೯೦ ಹಿಂದಕ್ಕೆ ಬರುತ್ತದೆ. ಜಲಜನಕದ ದಾರಿಯಲ್ಲಿ ೩೦ರಿಂದ ೪೦ ಬಂದರೆ ಪುಣ್ಯ. ಒಂದು ರಾತ್ರಿಯ ಮಟ್ಟಿಗೆ ಕೂಡಿಡಬೇಕಾದ್ದಕ್ಕೆ ಮೂರರಲ್ಲಿ ಸುಮಾರು ಎರಡು ಪಾಲು ಸುಂಕ ತೆರುವುದು ವಿವೇಕವಲ್ಲ.

ಮಲೆನಾಡಿನ ಸಂಗತಿ ಬೇರೆ, ಅದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅಲ್ಲಿ ಜೂನಿನಿಂದ ಆಗಸ್ಟಿನವರೆಗೆ ಆಕಾಶ ಬಿಡುವುದಿಲ್ಲ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಒಂದೂವರೆ ಯೂನಿಟ್ ಬಳಸುವ ಮನೆ. ೯೦ ದಿನ ಫಲಕವು ಏನನ್ನೂ ಕೊಡಲಿಲ್ಲವೆಂದೇ ಇಟ್ಟುಕೊಳ್ಳೋಣ (ವಾಸ್ತವವಾಗಿ ಮೋಡದಲ್ಲೂ ಸ್ವಲ್ಪ ಕೊಡುತ್ತದೆ). ಬೇಕಾದದ್ದು ೧೩೫ ಯೂನಿಟ್. ಇಷ್ಟನ್ನು ಸೀಸದ ಬ್ಯಾಟರಿಯಲ್ಲಿ ಕೂಡಿಡುವುದಾದರೆ ಅದರ ತೂಕ ಸುಮಾರು ೪ ಟನ್ನಿಗೆ ಹೋಗುತ್ತದೆ. ಅದು ಆಗದ ಮಾತು. ಜಲಜನಕವಾದರೆ ಒಂದು ಘನ ಮೀಟರನ್ನು ಪಡೆಯಲು ಸುಮಾರು ೫ ಯೂನಿಟ್ ಬೇಕು, ಇಂಧನಕೋಶವು ಅದರಿಂದ ಹಿಂದಕ್ಕೆ ಕೊಡುವುದು ಸುಮಾರು ಒಂದೂವರೆ. ಅಂದರೆ ೯೦ ಘನ ಮೀಟರ್ ಜಲಜನಕ. ಫ್ರೈಬುರ್ಗಿನ ಒತ್ತಡದಲ್ಲಿ ಅದು ೩ ಘನ ಮೀಟರಿನ ತೊಟ್ಟಿಯಲ್ಲಿ ಅಡಗುತ್ತದೆ. ಬೇಕಾಗುವ ನೀರು ೭೩ ಲೀಟರು, ಐದಾರು ಕೊಡಗಳಷ್ಟು ಮಾತ್ರ. ಆದರೆ ಅದು ಬಾವಿಯಿಂದ ಸೇದಿದ ನೀರಲ್ಲ, ಲವಣವೆಲ್ಲ ಕಳೆದ ಶುದ್ಧ ಜಲವಾಗಿರಬೇಕು. ಸುರಿಯಬೇಕಾದ ವಿದ್ಯುತ್ತು ೪೫೦ ಯೂನಿಟ್. ಉಳಿದ ಒಂಬತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ ೧.೬ ಯೂನಿಟ್, ಮನೆಯ ಬಳಕೆಗೆ ಎಷ್ಟು ಫಲಕ ಬೇಕೋ ಅದಕ್ಕೆ ಇಮ್ಮಡಿ ಫಲಕ. ಬ್ಯಾಟರಿಯೊಡನೆ ಹೋಲಿಸಿದರೆ ಇಲ್ಲಿ ಜಲಜನಕವೇ ಗೆದ್ದಿತೆನ್ನಬೇಕು. ನಷ್ಟವಾದ ಶಕ್ತಿಯಲ್ಲಿ ಇಂಧನಕೋಶದ ಬಿಸಿಯಾಗಿ ಹೊರಬರುವ ಪಾಲನ್ನು ಮಳೆಗಾಲದ ಬಚ್ಚಲಿನ ಹಂಡೆಗೆ ಬಳಸಿಕೊಳ್ಳುವ ಜಾಣರೂ ಮಲೆನಾಡಿನಲ್ಲಿ ಸಿಕ್ಕಾರು.

ಆದರೆ ಮಲೆನಾಡಿನಲ್ಲಿ ಜಲಜನಕದ ನಿಜವಾದ ಪ್ರತಿಸ್ಪರ್ಧಿ ಬ್ಯಾಟರಿಯಲ್ಲ, ಮನೆಯ ಹಿಂದಿನ ಹಳ್ಳ. ಹತ್ತು ಮೀಟರ್ ಮೇಲಿನಿಂದ ಸೆಕೆಂಡಿಗೆ ೪ ಲೀಟರಿನಂತೆ ಪೈಪಿನಲ್ಲಿ ಇಳಿಯುವ ನೀರು, ಅರ್ಧ ನಷ್ಟವಾದರೂ, ಸುಮಾರು ೨೦೦ ವಾಟ್ ಕೊಡುತ್ತದೆ. ಹಗಲಿರುಳು ನಡೆದರೆ ದಿನಕ್ಕೆ ೪.೮ ಯೂನಿಟ್, ನಮ್ಮ ಮನೆಗೆ ಬೇಕಾದದ್ದರ ಮೂರು ಪಟ್ಟು. ಹಲವು ತೋಟದ ಮನೆಗಳವರು ಇಂಥ ಸಣ್ಣ ಟರ್ಬೈನುಗಳನ್ನು ಇಟ್ಟುಕೊಂಡೇ ಇದ್ದಾರೆ. ನೀರಿನ ಬಲವನ್ನು ಹಾಲ್ಡೇನನು ಅದರ ಪ್ರಮಾಣ ಅಲ್ಪ, ಋತುಋತುವಿಗೆ ಏರಿಳಿಯುತ್ತದೆ ಎಂಬ ಕಾರಣಕ್ಕೆ ತಳ್ಳಿಹಾಕಿದ್ದನು. ಒಬ್ಬಂಟಿಯಾಗಿ ವರ್ಷವೆಲ್ಲ ದುಡಿಯಬೇಕೆಂದರೆ ಅದು ದೋಷವೇ. ಆದರೆ ಬಿಸಿಲು ಹೋದ ದಿನವೇ ಹಳ್ಳ ತುಂಬುವ ನಾಡಿನಲ್ಲಿ ಆ ಏರಿಳಿತ ಗುಣವಾಗಿ ಪರಿಣಮಿಸುತ್ತದೆ. ಒಂದು ಋತುವಿನ ಶಕ್ತಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುವ ಅಗತ್ಯವೇ ಬೀಳದ ಕಡೆ ಹೊರುವ ಯಂತ್ರ ಎಷ್ಟು ಸೊಗಸಾಗಿದ್ದರೇನು? ಹಳ್ಳವಿಲ್ಲದ ಗುಡ್ಡದ ನೆತ್ತಿಯ ಮನೆಗಳಿವೆ. ಜಲಜನಕದ ವಾದ ಅಂಥ ಕೆಲವು ಮನೆಗಳಿಗೆ ಸೀಮಿತವಾಗಿ ಉಳಿಯುತ್ತದೆ.

ಯಂತ್ರವನ್ನು ನಡೆಸುವವರಾರು ಎಂಬ ಪ್ರಶ್ನೆಗೆ ನಾರ್ವೆಯ ಉಟ್ಸಿರಾ ದ್ವೀಪದ ಪ್ರಯೋಗ ಪಾಠದಂತಿದೆ. ೨೦೦೪ರಲ್ಲಿ ನಾರ್ಸ್ಕ್ ಹೈಡ್ರೊ ಎಂಬ ದೊಡ್ಡ ಕಂಪನಿ ಅಲ್ಲಿಯ ಹತ್ತು ಮನೆಗಳಿಗೆ ಗಾಳಿಯಂತ್ರ ಮತ್ತು ಜಲಜನಕದಿಂದಲೇ ವಿದ್ಯುತ್ತನ್ನು ಕೊಡತೊಡಗಿತು. ೨,೪೦೦ ಘನ ಮೀಟರ್ ಜಲಜನಕವನ್ನು ಅಧಿಕ ಒತ್ತಡದಲ್ಲಿ ಕೂಡಿಟ್ಟು, ಗಾಳಿ ನಿಂತಾಗ ಮುಖ್ಯವಾಗಿ ಜಲಜನಕದ ಎಂಜಿನ್ನಿನಿಂದ ವಿದ್ಯುತ್ತನ್ನು ಪಡೆಯುತ್ತಿದ್ದರು. ಪ್ರಯೋಗ ಯಶಸ್ವಿಯೆಂದು ಎಲ್ಲರೂ ಬರೆದರು. ಕೆಲವು ವರ್ಷಗಳ ಬಳಿಕ ಅದು ನಿಂತಿತು. ಆರಂಭವನ್ನು ಕುರಿತು ಬರೆದಷ್ಟು ಉತ್ಸಾಹದಿಂದ ಮುಕ್ತಾಯವನ್ನು ಕುರಿತು ಬರೆದವರನ್ನು ನಾನು ಕಾಣಲಿಲ್ಲ. ದೇವಾಲಯದ ಪ್ರತಿಷ್ಠೆಗೆ ಶಾಸನವಿರುತ್ತದೆ, ಅದು ಪಾಳುಬಿದ್ದುದಕ್ಕೆ ಇರುವುದಿಲ್ಲ.

ನಮ್ಮ ನಾಡಿನ ಒಂಟಿಮನೆಯ ಕತ್ತಲೆಗೂ ಒಂದು ಇತಿಹಾಸವಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟಾಗ ಆ ತಂತಿಯ ಉದ್ದ ಸುಮಾರು ೧೪೭ ಕಿಲೋಮೀಟರು, ಅಂದಿನ ಲೋಕದಲ್ಲೇ ಹೆಸರಾದ ಉದ್ದ. ತಂತಿ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು. ಬೆಂಗಳೂರಿಗೆ ಬೆಳಕು ಬಂದದ್ದು ೧೯೦೫ರಲ್ಲಿ, ಹಳ್ಳಿಗಳಿಗೆ ಬಹುಕಾಲದ ಮೇಲೆ. ತಂತಿಯ ದಾರಿಯನ್ನು ನಿರ್ಧರಿಸಿದ್ದು ಕೊಳ್ಳುವವರ ಬಲ, ದೂರವಲ್ಲ. ೧೯೯೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸೆಲ್ಕೊ ಸಂಸ್ಥೆ ಇಂಥ ಮನೆಗಳಿಗೆ ಸೌರದೀಪಗಳನ್ನು ಒದಗಿಸಿದ ಬಗೆ ಇಲ್ಲಿ ಸ್ಮರಣೀಯ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲರು. ಫಲಕ, ಬ್ಯಾಟರಿ, ಎರಡೋ ನಾಲ್ಕೋ ದೀಪ: ಯಂತ್ರದಲ್ಲಿ ಹೊಸದೇನೂ ಇರಲಿಲ್ಲ. ಹೊಸದಿದ್ದುದು ಗ್ರಾಮೀಣ ಬ್ಯಾಂಕಿನ ಸಾಲದಲ್ಲಿ, ಕೆಟ್ಟರೆ ಬಂದು ನೋಡುವ ಸಮೀಪದ ಸೇವಾಕೇಂದ್ರದಲ್ಲಿ. ಆಸ್ಕೋದ ತರುಣರಿಗೂ ಇವರಿಗೂ ನಂಟಸ್ತಿಕೆಯನ್ನು ಕಾಣುವುದಾದರೆ ಆ ವಂಶಾವಳಿಯನ್ನು ನಾನು ಒಪ್ಪುತ್ತೇನೆ. ಜಲಜನಕದ ಇಂಧನಕೋಶವು ಕೆಟ್ಟಾಗ ತಾಲ್ಲೂಕಿನ ಪೇಟೆಯಲ್ಲಿ ಅದನ್ನು ಬಿಚ್ಚಿ ನೋಡಬಲ್ಲ ಒಬ್ಬನು ಸಿಗುವವರೆಗೆ, ಅದನ್ನು ಒಂಟಿಮನೆಯವನಿಗೆ ಕೊಡುವುದೆಂದರೆ ಅವನನ್ನು ಪ್ರಯೋಗದ ಮೊಲವಾಗಿಸಿದಂತೆ.

೨೦೨೩ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ೧೯,೭೪೪ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರ ಮುಖ್ಯ ಗುರಿ ಗೊಬ್ಬರ, ಉಕ್ಕು, ಎಣ್ಣೆ ಶುದ್ಧೀಕರಣದಂಥ ಕೈಗಾರಿಕೆಗಳು. ಅಲ್ಲಿ ಜಲಜನಕವು ಜಲಜನಕವಾಗಿಯೇ ಬೇಕು, ಅದರ ಔಚಿತ್ಯವನ್ನು ಇಲ್ಲಿ ಪ್ರಶ್ನಿಸಿಲ್ಲ. ಆದರೆ ೨೦೨೪ರ ನವೆಂಬರಿನಲ್ಲಿ ಲಡಾಖಿನ ಚುಶೂಲಿನಲ್ಲಿ ಸೈನ್ಯದ ಠಾಣ್ಯಕ್ಕಾಗಿ ಎನ್‌ಟಿಪಿಸಿ ಸಂಸ್ಥೆಯ ಬಿಸಿಲು–ಜಲಜನಕದ ವಿದ್ಯುತ್ ವ್ಯವಸ್ಥೆಗೆ ಅಡಿಗಲ್ಲು ಹಾಕಿದುದು ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ೧೪,೦೦೦ ಅಡಿಗೂ ಮೀರಿದ ಎತ್ತರ, ಪ್ರಖರವಾದ ಬಿಸಿಲು, ಬ್ಯಾಟರಿ ಮರಗಟ್ಟುವ ಚಳಿ, ಸಮೀಪದಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟದೆ ಹರಿಯುವ ಹಳ್ಳವಿಲ್ಲ. ಹಗಲಿರುಳೂ ೨೦೦ ಕಿಲೋವಾಟ್ ಕೊಡಬೇಕೆಂಬುದು ಅದರ ಉದ್ದೇಶ. ಅಲ್ಲಿ ಜಲಜನಕವನ್ನು ತೂಗಬೇಕಾದದ್ದು ಬ್ಯಾಟರಿಯೊಡನೆಯೂ ಅಲ್ಲ, ಕಣಿವೆಗಳ ಮೇಲೆ ಲಾರಿಗಳಲ್ಲಿ ಏರಿ ಬರುವ ಡೀಸೆಲ್ಲಿನೊಡನೆ. ನಷ್ಟವಾದ ಬಿಸಿಯನ್ನೂ ಬೇಡವೆನ್ನುವವರು ಅಲ್ಲಿಲ್ಲ. ಯಂತ್ರವನ್ನು ಕಾಯುವುದಕ್ಕೆ ತರಬೇತಾದ ಜನರನ್ನು ನೇಮಿಸುವುದು ಸೈನ್ಯಕ್ಕೆ ಕಷ್ಟವೂ ಅಲ್ಲ.